ಅಬ್ಯಾಂಡನ್: ಮೊದಲ ಪುಟದ ಪದ

ಮಾರ್ಚ್ ೬, ಸೋಮವಾರ. ತೇಬೆಕ್, ಕೊರಿಯಾ
ಹಿರಿಯರ ಕೇಂದ್ರದ ಇಂಗ್ಲಿಷ್ ಕ್ಲಾಸು. ಪದಗಳ ಪುಸ್ತಕದ ಮೊದಲ ಪದ ಅಬ್ಯಾಂಡನ್. ಬಿಟ್ಟುಬಿಡು ಅಂತ. ಪಕ್ಕದ ಮಾಲ್ಸುನ್ ಕಿಸಕ್ಕನೆ ನಕ್ಕಳು. "ಅದಕ್ಕೇ ಕಣೇ, ನಾವೆಲ್ಲ ಮೊದಲ ಪುಟಕ್ಕೇ ಇಂಗ್ಲಿಷ್ ಬಿಟ್ಟಿದ್ದು!" ಪ್ಯೋ ಮೇಷ್ಟ್ರ ಆಜ್ಞೆ: ಹಾಳೆ ಪೂರ್ತಿ ಕಪ್ಪಾಗುವವರೆಗೆ ಅದನ್ನೇ ಬರೆಯಬೇಕು. ಅರವತ್ತೆರಡನೇ ವಯಸ್ಸಿಗೆ ಈ ಶಿಕ್ಷೆ!

ಮಾರ್ಚ್ ೮
ಮಗಳು ಯೋನ್‌ಹ್ವಾ ಹುಟ್ಟಿದ ದಿನ. ಇದ್ದಿದ್ದರೆ ನಲವತ್ತು. ಪ್ರತಿ ವರ್ಷದಂತೆ ಹುಟ್ಟುಹಬ್ಬದ ಕಡಲಪಾಚಿ ಸಾರು ಮಾಡಿದೆ. ನಾನು ಕ್ಷಯದ ಆಸ್ಪತ್ರೆಯಲ್ಲಿದ್ದಾಗ ಜ್ವರಕ್ಕೆ ಹೋದ ಕೂಸು. ಕೊನೆಗೊಮ್ಮೆ ಮುಖ ನೋಡಲೂ ಸಿಗಲಿಲ್ಲ. ಅತ್ತೆ ಈ ಸಾರು ಮುಟ್ಟುವುದಿಲ್ಲ. ಮೊಮ್ಮಗಳ ಸಂಕಟ, ಪಾಪ.

ಮಾರ್ಚ್ ೧೩, ಸಂಜೆ
ಮೇಷ್ಟ್ರು ಪದದ ಮೂಲ ಹೇಳಿದ್ದರು. ಹಳೆಯ ಫ್ರೆಂಚಿನದಂತೆ. ಇನ್ನೊಬ್ಬರ ವಶಕ್ಕೆ ಒಪ್ಪಿಸುವುದು ಅಂತ. ಮನೆಗೆ ಬಂದು ಗಟ್ಟಿಯಾಗಿ ಉರು ಹೊಡೆಯುತ್ತಿದ್ದೆ. ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದರು.
"ಏನೇ ಹುಡುಗಿ, ಆಗ್ಲಿಂದ ಒಂದೇ ಪದ?"
"ಕೈಲಿದ್ದಿದ್ದನ್ನ ಬೇರೆಯವರ ವಶಕ್ಕೆ ಕೊಟ್ಟುಬಿಡೋದು ಅಂತ, ಅತ್ತೆ."
ಬೆಳ್ಳುಳ್ಳಿ ಬುಟ್ಟಿ ಮಗುಚಿತು.
"ಯಾರೇ ಹೇಳಿದ್ದು ನಿಂಗೆ?"
"ಮೇಷ್ಟ್ರು."
"ಅವನಿಗೆ ಹೆಂಗೆ ಗೊತ್ತು? ಯಾರಿಗೂ ಹೇಳಲ್ಲ ಅಂದಿದ್ರಲ್ಲ ಅನಾಥಾಶ್ರಮದವರು!"
"ಯಾವ ಅನಾಥಾಶ್ರಮ?"
"ಗಣಿ ನನ್ನ ಮಗನ್ನ ನುಂಗ್ತು. ನೀನೂ ಉಳಿಯಲ್ಲ ಅಂದ್ರು ಡಾಕ್ಟ್ರು. ಅಮೆರಿಕಕ್ಕೆ ಹೋದ್ರೆ ಕೂಸು ಹೊಟ್ಟೆ ತುಂಬ ಉಣ್ಣುತ್ತೆ ಅಂದ್ರು ಆಶ್ರಮದವರು..."
"ನಾನು ವಾಪಸ್ ಬಂದ್ನಲ್ಲ!"
"ಬಂದೆ. ಅಷ್ಟರಲ್ಲಿ ವಿಮಾನ ಹತ್ತಿಸಿಬಿಟ್ಟಿದ್ರು."
ಸತ್ತಿಲ್ಲ. ನನ್ನ ಮಗಳು ಸತ್ತಿಲ್ಲ!

ಮಾರ್ಚ್ ೧೪
ಪೊಲೀಸ್ ಠಾಣೆಗೆ ಹೋದೆ. ಹೊರದೇಶಕ್ಕೆ ದತ್ತು ಹೋದವರನ್ನು ಹುಡುಕಲು ಡಿಎನ್‌ಎ ತೆಗೆದುಕೊಳ್ಳುತ್ತಾರೆ. ಕೊಟ್ಟು ಬಂದೆ. ಅತ್ತೆಗೆ ಊಟ ಬಡಿಸಿದೆ. ನನ್ನ ತಟ್ಟೆ ಬೇರೆ ಕೋಣೆಗೆ ಒಯ್ದೆ.

ಜೂನ್ ೨
ಸಿಕ್ಕಿದಳು. ಐದು ವರ್ಷದ ಹಿಂದೆಯೇ ಅವಳೂ ಡಿಎನ್‌ಎ ಕೊಟ್ಟಿದ್ದಳಂತೆ. ನನ್ನನ್ನು ಹುಡುಕುತ್ತಿದ್ದಳು! ಅವಳ ಕಾಗದಪತ್ರದಲ್ಲಿ ಹೀಗಿದೆಯಂತೆ: ಬೀದಿಯಲ್ಲಿ ಸಿಕ್ಕ ಮಗು, ತಾಯಿ ಬಿಟ್ಟುಹೋಗಿದ್ದಾಳೆ. ನಾನು? ನಾನು ಬಿಟ್ಟೆನೇ?

ಜೂನ್ ೫, ಬೆಳಗ್ಗೆ ೯
ಹತ್ತಕ್ಕೆ ವಿಡಿಯೋ ಕಾಲ್. ಅವಳ ಇಂಗ್ಲಿಷನ್ನು ನಮ್ಮ ಭಾಷೆಗೆ ತಿರುಗಿಸಲು ಮೇಷ್ಟ್ರು ಬರುತ್ತಾರೆ. ಅತ್ತೆಗೆ ಒಳಗೇ ಇರಿ ಅಂದಿದ್ದೇನೆ. ಆ ಮುಖ ನನ್ನ ಮಗಳ ಕಣ್ಣಿಗೆ ಬೀಳಕೂಡದು. ಎಲ್ಲ ಹೇಳಿಬಿಡುತ್ತೇನೆ.

೧೧.೩೦
ಪರದೆ ಬೆಳಗಿದ ತಕ್ಷಣ ಕಿರುಚಿಬಿಟ್ಟೆ. ಆ ಗದ್ದ, ಆ ಸೊಟ್ಟ ಹುಬ್ಬು... ಅತ್ತೆಯದೇ ಮುಖ. ತದ್ರೂಪ.
ಅವಳು ಕೇಳಿದ್ದನ್ನು ಮೇಷ್ಟ್ರು ಹೇಳಿದರು: "ಅಮ್ಮಾ, ಇಲ್ಲಿ ಯಾರೂ ನನ್ನ ಥರ ಇಲ್ಲ. ನಾನು ಯಾರ ಥರ ಇದೀನಿ?"
ಎದ್ದೆ. ಒಳಕೋಣೆಯ ಬಾಗಿಲು ತೆಗೆದೆ. ಅತ್ತೆ ಹಬ್ಬದ ಬಟ್ಟೆ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಕೂತಿದ್ದರು. "ಬನ್ನಿ" ಅಂದೆ. ಅಲುಗಲಿಲ್ಲ. ಕೈ ಹಿಡಿದು ಎಬ್ಬಿಸಿ, ಪರದೆಯ ಮುಂದೆ ಕೂರಿಸಿ, "ಇವರ ಥರ" ಅಂದೆ.