ಅಪ್ಪನಿಗಿಲ್ಲದ ಮೂರ್ಛೆರೋಗ

ಯೊಶಿದಾ,
ನವೆಂಬರ್ ೧೮

ಪ್ರೀತಿಯ ಶಿಗೆನೊರಿ,

ಹೇಗಿದ್ದೀಯಪ್ಪ? ಒಕಾಯಾಮಾದಲ್ಲಿ ಚಳಿ ಶುರುವಾಗಿರಬೇಕು. ಬೆಳಗಿನ ಮೊದಲ ರೈಲು ಓಡಿಸುವ ವಾರವಾದರೂ ಹೊಟ್ಟೆಗೆ ಬಿಸಿಯಾಗಿ ಏನಾದರೂ ಹಾಕಿಕೊಂಡು ಹೊರಡು. ಮಾಡಿಟ್ಟದ್ದನ್ನು ಬಿಟ್ಟು ಓಡುತ್ತೀಯಂತೆ, ನಿನ್ನ ಹೆಂಡತಿ ಮಚಿಕೊಳೇ ಬರೆದಿದ್ದಳು. ಒಂದು ಡಬ್ಬಿ ಕಿತ್ತಳೆ ಕಳಿಸಿದ್ದೇನೆ. ಕೆಳಗಿನವು ಹುಳಿ, ನೆರೆಯವರಿಗೆ ಕೊಟ್ಟು ನನ್ನ ಮಾನ ಕಳೆಯಬೇಡ. ನನ್ನ ಕಿವಿ ಇನ್ನಷ್ಟು ಮಂದವಾಗಿದೆ. ಫೋನಿನಲ್ಲಿ ನೀನು ಏನು ಹೇಳಿದರೂ ಹೂಂ ಅಂದು ಇಟ್ಟುಬಿಡುತ್ತೇನೆ, ಅದಕ್ಕೇ ಈ ಕಾಗದ.

ಅಪ್ಪನ ವಿಷಯ. ಬೇಸಿಗೆಯಲ್ಲಿ ಎದ್ದ ಸರ್ಪಸುತ್ತು ಒಣಗಿದರೂ ನರದ ಉರಿ ಉಳಿದೇಬಿಟ್ಟಿತು. ಪಕ್ಕೆಗೆ ಅಂಗಿ ತಾಗಿದರೂ ಕೆಂಡ ತಾಗಿದ ಹಾಗೆ ಬೆಚ್ಚುತ್ತಿದ್ದರು. ಎರಡು ಬಗೆಯ ಮಾತ್ರೆ ನಾಟಲಿಲ್ಲ. ಕೊನೆಗೆ ಹ್ಯೊದೊ ಡಾಕ್ಟರು ಬೇರೊಂದು ಬರೆದುಕೊಟ್ಟರು. ಅದು ಮೂರ್ಛೆರೋಗಕ್ಕೆಂದು ಒಪ್ಪಿಗೆ ಪಡೆದ ಮಾತ್ರೆ, ಇಂಥ ನೋವಿಗೆ ಎಂದು ಅದರ ಕಾಗದದಲ್ಲಿ ಬರೆದಿಲ್ಲ, ಆದರೂ ನರ ತಣ್ಣಗಾಗುತ್ತದೆ, ಬೇರೆಯವರಿಗೂ ಕೊಟ್ಟಿದ್ದೇನೆ ಎಂದು ಬಿಡಿಸಿ ಹೇಳಿದರು. ತೂಕಡಿಕೆ ಬರುತ್ತದೆ, ಮಾತ್ರೆ ತಿನ್ನುವಷ್ಟು ದಿನ ಗಾಡಿ ಓಡಿಸಬೇಡಿ ಎಂದೂ ಹೇಳಿದರು. ಡಾಕ್ಟರ ಮುಂದೆ ಕೂತರೆ ಅಪ್ಪ ಪ್ರತಿ ಮಾತಿಗೂ ತಲೆಬಾಗುತ್ತಾರೆ, ಒಂದೂ ಒಳಗಿಳಿಯುವುದಿಲ್ಲ. ಮದ್ದಿನಂಗಡಿಯ ಚೀಟಿಯನ್ನು ಮಾತ್ರ ಮನೆಗೆ ಬಂದು ಕನ್ನಡಕ ಹಾಕಿಕೊಂಡು ಓದಿದರು. 'ಮೂರ್ಛೆ ಬರದಂತೆ ತಡೆಯುವ ಔಷಧಿ' ಎಂದಿತ್ತು.

ಅಂದಿನಿಂದ ತಮಗೆ ಮೂರ್ಛೆರೋಗ ಎಂದು ನಂಬಿ ಕೂತಿದ್ದಾರೆ. ಎರಡು ವರ್ಷದ ಹಿಂದೆ ತೋಟದಲ್ಲಿ ಏಣಿಯಿಂದ ಬಿದ್ದರಲ್ಲ, ಅದೂ ಮೂರ್ಛೆಯಂತೆ. ನಾನು ಆಣೆ ಇಟ್ಟು ಹೇಳಿದೆ. ನಕ್ಕರು. ನಿನ್ನ ಅಜ್ಜಿಗೆ ಕ್ಯಾನ್ಸರ್ ಆದಾಗ ಡಾಕ್ಟರು ನಮ್ಮನ್ನು ಮಾತ್ರ ಒಳಗೆ ಕರೆದು ಹೇಳಿದ್ದರು, ಅವರು ಸಾಯುವ ತನಕ ನಾವು ಅದನ್ನು ಅವರಿಂದ ಮುಚ್ಚಿಟ್ಟೆವು. ಆಗೆಲ್ಲ ಹಾಗೇ ತಾನೇ? "ನಮ್ಮಮ್ಮಂಗೆ ಬರೀ ಹುಣ್ಣು ಅಂತ ನೀನೇ ಹೇಳ್ದೆ. ಈಗ ನನ್ ಸರದಿ. ಚೆನ್ನಾಗೇ ಸುಳ್ಳು ಹೇಳ್ತೀಯ ಬಿಡು" ಅಂದರು. ಡಾಕ್ಟರೇ ಎದುರಿಗೆ ಕೂರಿಸಿಕೊಂಡು ಇನ್ನೊಮ್ಮೆ ಹೇಳಿದರು. ಅಪ್ಪ ಮತ್ತೆ ತಲೆಬಾಗಿದರು, ದಾರಿಯಲ್ಲಿ ಪಾಪ ಒಳ್ಳೆಯ ಮನುಷ್ಯ ಅಂದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ತಮಾಷೆ ಏನೆಂದರೆ ಮಾತ್ರೆ ಕೆಲಸ ಮಾಡುತ್ತಿದೆ. ಉರಿ ಅರ್ಧಕ್ಕರ್ಧ ಇಳಿದಿದೆ, ಸ್ನಾನದ ತೊಟ್ಟಿಗೆ ಇಳಿಯುತ್ತಾರೆ. ನೋಡಿ, ನೋವಿನ ಮಾತ್ರೆಯೇ ತಾನೇ ಅಂದರೆ, "ಮೂರ್ಛೆನೂ ಬಂದಿಲ್ವಲ್ಲ, ಅದನ್ನೂ ನೋಡು" ಅನ್ನುತ್ತಾರೆ. ಹೋದ ಬುಧವಾರ ಕೋಟು ಹಾಕಿಕೊಂಡು ಪೊಲೀಸ್ ಠಾಣೆಗೆ ಹೋಗಿ ಲೈಸೆನ್ಸನ್ನೇ ಒಪ್ಪಿಸಿ ಬಂದರು. ವಯಸ್ಸಾದವರು ತಾವಾಗಿ ಒಪ್ಪಿಸಿದರೆ ಅಲ್ಲಿ ಕಾರಣ ಯಾರು ಕೇಳುತ್ತಾರೆ, ಎದ್ದು ನಿಂತು ವಂದಿಸಿ ಕಳಿಸಿದರಂತೆ. ಎಪ್ಪತ್ತೆಂಟನೇ ವಯಸ್ಸಿಗೆ ಅದು ಮತ್ತೆ ಸಿಗುತ್ತದೆಯೇ? ಕಿತ್ತಳೆ ಮರದಲ್ಲೇ ಹಣ್ಣಾಗಿ ನಿಂತಿದೆ. ಪುಟ್ಟ ಟ್ರಕ್ಕು ಅಂಗಳದಲ್ಲಿದೆ, ತೋಟದ ಬೆಟ್ಟ ಹತ್ತಿಸುವವರಿಲ್ಲ. ಐವತ್ತು ವರ್ಷ ಜೊತೆಗೆ ಬಾಳಿದ ಮನುಷ್ಯನನ್ನು ಒಂದು ಚೀಟಿಯ ಮುಂದೆ ನಾನು ಗೆಲ್ಲಲಾರದೆ ಹೋದೆ. ನನಗೆ ಸಾಕಾಗಿದೆ ಮಗನೇ.

ಮೈ ಕಡೆ ನೋಡಿಕೊ. ಮಚಿಕೊಗೆ ನನ್ನ ಪ್ರೀತಿ ತಿಳಿಸು, ಮಗುವಿನ ಕಾಲಿಗೆ ಉಣ್ಣೆಯ ಚೀಲ ಹಾಕಿಸು. ನೀವು ಮೂವರೂ ತಣ್ಣಗಿರಿ.

ನಿನ್ನ ಅಮ್ಮ,
ತೊಮೊಎ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಈ ಕಾಯಿಲೆ ರಕ್ತದಲ್ಲಿ ಇಳಿದು ಬರುತ್ತದೆ, ಪರೀಕ್ಷೆ ಮಾಡಿಸುವ ತನಕ ಮಗನ ಕೈಗೆ ರೈಲು ಕೊಡಬೇಡಿ ಎಂದು ಅಪ್ಪ ನಿನ್ನ ಕಂಪನಿಗೆ ಬರೆದಿದ್ದಾರೆ, ಮನೆತನದ ಮುದ್ರೆ ಒತ್ತಿ. ನಾನು ಬಾಗಿಲಿಗೆ ಅಡ್ಡ ನಿಂತೆ. "ಅವನ ಬೆನ್ನ ಹಿಂದೆ ಇನ್ನೂರು ಜನ ಕೂತಿರ್ತಾರೆ ಕಣೆ" ಅಂದರು. ನಿನ್ನೆ ನಡೆದೇ ಹೋಗಿ ಅಂಚೆಗೆ ಹಾಕಿ ಬಂದರು. ಇದು ನಿನ್ನ ಕೈ ಸೇರುವಷ್ಟರಲ್ಲಿ ಕಂಪನಿಯವರು ನಿನ್ನನ್ನು ಕರೆದು, ರೈಲು ಕೊಡದೆ ಕೂರಿಸಿರಬಹುದು. ಅಪ್ಪನನ್ನು ಬಯ್ಯಬೇಡ. ಬರೆಯುವಾಗ ಅಳುತ್ತಿದ್ದರು.