ನಾಳೆ ತೋರಿಸುವ ಪೆಟ್ಟಿಗೆ

ಮುಲುಂಡ್
20-11-2024

ತಂಗಿ ಭುವನೇಶ್ವರಿಗೆ ನಿನ್ನ ಅಕ್ಕ ಪುಟ್ಟಲಕ್ಷ್ಮಿಯ ಆಶೀರ್ವಾದಗಳು.

ಅಮ್ಮನವರ ದಯೆಯಿಂದ ನಾನೂ ಇವರೂ ಚೆನ್ನಾಗಿದ್ದೇವೆ. ನೀನು ಕೇಳಿ ಹನ್ನೆರಡು ದಿನವಾದರೂ ಉತ್ತರ ಕೊಡಲಿಲ್ಲ, ಕೋಪ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಮನೆಯಲ್ಲಿ ಸ್ಪೀಕರ್ ಹಾಕಿಕೊಂಡು ಎಲ್ಲರೂ ಕೇಳುತ್ತೀರಿ. ಇದು ಮೊದಲು ನೀನೊಬ್ಬಳೇ ಓದಬೇಕಾದ ಮಾತು.

ನಿನ್ನ ಅಳಿಯ ಪ್ರೀತಮನ ಮನೆಯವರು ತಿಂಗಳ ಕೊನೆಗೆ ಬರುತ್ತಾರೆ, ಸಾಧನಾಳನ್ನು ಮತ್ತೆ ವಿಕ್ರೋಳಿಗೆ ಕಳಿಸುವುದೋ ಬೇಡವೋ ಹೂ ಕೇಳಿ ಹೇಳು ಎಂದು ನೀನು ಹೇಳಿದ್ದೆ. ನಮಗೆ ಅಣ್ಣತಮ್ಮಂದಿರಿಲ್ಲದ್ದಕ್ಕೆ ತವರಿನ ಮನೆದೇವರು ಅಮ್ಮನವರ ಬೆಳ್ಳಿಮುಖ ನನ್ನ ಮನೆಯಲ್ಲಿದೆ. ಅದರ ಎರಡೂ ಕಡೆ ಹೂ ಮುಡಿಸಿ ಕೇಳಿದಾಗ ಬಲಗಡೆಯ ಹೂ ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಮದುವೆಗೂ ಹೀಗೆಯೇ ಕೇಳಿದ್ದೆವು. ಎಂಟು ತಿಂಗಳು ಆ ಹುಡುಗ ಡ್ಯೂಟಿಗೆ ಹೋಗುವಾಗ ಹೊರಗಿನಿಂದ ಬೀಗ ಹಾಕಿ ಕೀಲಿ ಕೊಂಡೊಯ್ದ. ನಮ್ಮ ಮಗು ಕಿಟಕಿಯಿಂದ ತರಕಾರಿಯವನನ್ನು ಕೂಗಿ ಹೊರಗೆ ಬಂದಳು. ಅದು ನಿನಗೆ ಗೊತ್ತಿರುವುದೇ.

ಈ ನಡುವೆ ಏನಾಯಿತೆಂದರೆ, ಇವರ ತಂಗಿಯ ಮಗ ಅಭಿರಾಮ್ ಇದ್ದಾನಲ್ಲ, ಅಂಧೇರಿಯಲ್ಲಿ ಸಿನಿಮಾ ಕತ್ತರಿಸಿ ಜೋಡಿಸುವ ಕೆಲಸದವನು, ಅವನು ನಮ್ಮ ನಡುಮನೆಯಲ್ಲಿ ಒಂದು ಪುಟ್ಟ ಪಿಕ್ಚರ್ ತೆಗೆದ. ನಾಳೆ ನಡೆಯುವುದನ್ನು ಇವತ್ತೇ ತೋರಿಸುವ ಯಂತ್ರದ ಕಥೆ. ಇಂಥವು ಈಗಾಗಲೇ ಎರಡು ತೆಗೆದಿದ್ದಾನಂತೆ. ದೊಡ್ಡವರು ಕೋಟಿ ಸುರಿದು ಮಾಡುವುದನ್ನು ಇವನು ಗುಜರಿಯವನ ಹಳೇ ವಾಷಿಂಗ್ ಮೆಷಿನ್ನಿಗೆ ರೊಟ್ಟಿ ಸುತ್ತುವ ಬೆಳ್ಳಿ ಕಾಗದ ಅಂಟಿಸಿ, ನೀಲಿ ದೀಪದ ಸರ ಸುತ್ತಿ ಮಾಡಿದ. ಮನೆಗೆ ಹೊಸ ಯಂತ್ರ ಬಂತೆಂದು ನಾನು ಅರಿಶಿನ ಕುಂಕುಮ ಹಚ್ಚಿದೆ. ಅಭಿರಾಮ್ ನಕ್ಕು, ಹಾಗೇ ಇರಲಿ, ಚೆನ್ನಾಗಿ ಕಾಣುತ್ತದೆ ಎಂದ. ಅದರೊಳಗೆ ನೋಡಿ ಜನಕ್ಕೆ ಭವಿಷ್ಯ ಹೇಳುವ ಹೆಂಗಸಿನ ಪಾರ್ಟು ನನಗೇ ಕೊಟ್ಟ. ಬೇರೆಯವರನ್ನು ಕರೆದರೆ ದುಡ್ಡು ಕೊಡಬೇಕಲ್ಲ, ಅದಕ್ಕೆ.

ಭವಿಷ್ಯ ಕೇಳಲು ಬರುವ ಹುಡುಗಿಯಾಗಿ ವಿಜಯಪುರದ ಕಡೆಯ ಶಬನಮ ಬಂದಿದ್ದಳು. ಪಾರ್ಲರಿನಲ್ಲಿ ಕೆಲಸ, ರಜೆಯ ದಿನ ಆ್ಯಕ್ಟಿಂಗು. "ಗಂಡನ ಮನೆಗೆ ಹೋದರೆ ಸುಖವಾಗಿರುತ್ತೇನಾ?" ಎಂದು ಅವಳು ಕೇಳಬೇಕು. ನಾನು ಪೆಟ್ಟಿಗೆಯೊಳಗೆ ನೋಡಿ "ಹೋಗು, ಸುಖವಾಗಿರುತ್ತೀಯ" ಎನ್ನಬೇಕು. ಅಷ್ಟೇ ಮಾತು.

ಬಗ್ಗಿ ನೋಡಿದರೆ ಒಳಗೆ ಹಸಿರು ಬಟ್ಟೆ ಬಿಟ್ಟು ಏನೂ ಇಲ್ಲ.

"ಏನೂ ಕಾಣ್ತಿಲ್ಲವಲ್ಲೋ," ಎಂದೆ.

"ಟೆನ್ಷನ್ ಮತ್ ಲೋ ಅತ್ತೆ. ಕಂಡ ಹಾಗೆ ಮುಖ ಮಾಡಿ ಸಾಕು. ಬಾಕಿದು ನಾನು ಕಂಪ್ಯೂಟರ್‌ನಲ್ಲಿ ಹಾಕ್ತೀನಿ."

ಭುವನಾ, ನನ್ನ ನಾಲಿಗೆ ಹೊರಳಲಿಲ್ಲ. ಏಳು ಸಲ, ಎಂಟು ಸಲ ತೆಗೆದರು. ಆ ಹುಡುಗಿ ನನ್ನನ್ನು ಪೂರ್ತಿ ನಂಬಿದವಳಂತೆ ನೋಡುವಳು, ನಾನು ಮತ್ತೆ ಪೆಟ್ಟಿಗೆಯೊಳಗೆ ಬಗ್ಗುವೆ. ಕೊನೆಗೆ ಶಬನಮ ಮೆಲ್ಲಗೆ, "ಅಮ್ಮಾರ, ಸುಳ್ಳ ಸುಳ್ಳ ಅಂದುಬಿಡ್ರಿ. ಇದು ಪಿಕ್ಚರ್ ಅದ, ನಾ ಏನ್ ಖರೇ ಹೋಗಾಕಿ ಅಲ್ಲ," ಎಂದಳು. ಅದನ್ನು ಕೇಳಿ ನಾನು ಅಡುಗೆಮನೆಗೆ ಎದ್ದು ಹೋದವಳು ಮತ್ತೆ ಬರಲಿಲ್ಲ. ಅಭಿರಾಮ್ ಪಕ್ಕದ ಮನೆಯ ಗುಜರಾತಿ ಹೆಂಗಸಿನಿಂದ ಆ ಮಾತು ಆಡಿಸಿದನಂತೆ.

ಈಗ ಹೇಳಿಬಿಡುತ್ತೇನೆ. ಮದುವೆಗೆಂದು ಹೂ ಕೇಳಿದ ದಿನ ಒಂದೂವರೆ ಗಂಟೆ ಕೂತರೂ ಎರಡು ಹೂವೂ ಅಲುಗಲಿಲ್ಲ. ಸಂಬಂಧ ತಂದವಳು ನಾನು. ಹುಡುಗ ಇವರ ದಾಯಾದಿಯ ಮಗ, ಮಾತು ಕೊಟ್ಟಾಗಿತ್ತು. ಸಾಧನಾ ವಿಕ್ರೋಳಿಗೆ ಬಂದರೆ ನನ್ನವರೊಬ್ಬರು ಹತ್ತಿರ ಇರುತ್ತಾರೆಂಬ ಆಸೆಯೂ ಇತ್ತು. ದೀಪ ಆರುತ್ತದೆಂದು ಪೂಜೆಯ ಹೊತ್ತು ನಾನು ಫ್ಯಾನ್ ಹಾಕುವವಳಲ್ಲ. ಅವತ್ತು ಎದ್ದು ಹೋಗಿ ಹಾಕಿದೆ. ದೀಪಕ್ಕೆ ಅಂಗೈ ಅಡ್ಡ ಹಿಡಿದು ನಿಂತೆ. ಬಲಗಡೆಯ ಹೂ ಬಿತ್ತು. ಗಾಳಿಯೂ ಅಮ್ಮನದೇ ಎಂದು ಮನಸ್ಸಿಗೆ ಹೇಳಿಕೊಂಡು ನಿನಗೆ ಫೋನ್ ಮಾಡಿದೆ.

ಅಮ್ಮನವರಿಗೆ ತಪ್ಪುಕಾಣಿಕೆ ಕಟ್ಟಿಟ್ಟಿದ್ದೇನೆ. ಇನ್ನು ಮೇಲೆ ನಾನು ಹೂ ಕೇಳುವವಳಲ್ಲ. ನೀನೂ ಯಾರಿಂದಲೂ ಕೇಳಿಸಬೇಡ. ಸಾಧನಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳನ್ನೇ ಕೇಳು. ಹೋಗುವುದಿಲ್ಲ ಎಂದರೆ ಅಷ್ಟೇ. ನಿನ್ನ ಯಜಮಾನರು ಹಾರಾಡಿದರೆ ಈ ಕಾಗದ ಅವರ ಮುಂದೆ ಇಡು, ಬೈಗುಳ ನನಗೆ ಬರಲಿ. ಪ್ರೀತಮನ ಮನೆಯವರಿಗೆ ನಾನೇ ಹೋಗಿ ಹೇಳುತ್ತೇನೆ. ಇವರಿಗೆ ನೆನ್ನೆ ಎಲ್ಲ ಹೇಳಿದೆ. ಅವರು ತಟ್ಟೆ ಸರಿಸಿ ಎದ್ದು ಹೋದರು.

ಮಂಡಿನೋವಿಗೆ ಎಣ್ಣೆ ತಪ್ಪದೆ ಹಚ್ಚಿಕೋ. ಮಗುವನ್ನು ಅಮ್ಮ ಕಾಯಲಿ. ನನ್ನ ಹಾರೈಕೆಗೆ ಬೆಲೆ ಉಳಿದಿದ್ದರೆ ಅದೆಲ್ಲ ಅವಳಿಗೇ ಇರಲಿ.

ನಿನ್ನ ಅಕ್ಕ,
ಪುಟ್ಟಲಕ್ಷ್ಮಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಹೂ ಕೇಳುವ ಹಿಂದಿನ ದಿನ ಸಾಧನಾ ಕದ್ದು ಫೋನ್ ಮಾಡಿದ್ದಳು. "ದೊಡ್ಡಮ್ಮ, ಎಡಗಡೆ ಬಿತ್ತು ಅಂತ ಹೇಳಿಬಿಡಿ. ಅಪ್ಪ ನಿಮ್ಮ ಮಾತು ಬಿಟ್ಟು ಬೇರೆ ಯಾರ ಮಾತೂ ಕೇಳಲ್ಲ," ಎಂದಳು. ದೇವರ ಹೆಸರಲ್ಲಿ ಸುಳ್ಳು ಹೇಳಿಸುತ್ತೀಯಾ ಎಂದು ಚೆನ್ನಾಗಿ ಬೈದೆ. ಧಾರೆಯ ದಿನ ತಲೆ ಬಾಚುತ್ತಿದ್ದಾಗ ಅವಳು ಒಂದೇ ಮಾತು ಕೇಳಿದಳು: "ನಿಜವಾಗ್ಲೂ ಬಲಗಡೆ ಬಿತ್ತಾ, ದೊಡ್ಡಮ್ಮ?" ಹೂಂ ಮಗಳೇ ಎಂದು ಜಡೆ ಬಿಗಿದೆ.