ಸಿಂಹದ ಹೊಟ್ಟೆಯಲ್ಲಿದ್ದ ಕೊಂಬು

ಚಿರಂಜೀವಿ ಅಳಿಯಂದಿರಿಗೆ,

ಕುಶಲಪ್ರಶ್ನೆಯನ್ನು ಬದಿಗಿರಿಸಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ಮಗಳ ಕೈಯಲ್ಲಿ ನೀವು ಕಳುಹಿಸಿದ, ಸಿಂಹದ ನಾಣ್ಯದ ದೃಢೀಕರಣ ಪತ್ರಕ್ಕೆ ನಾನು ಸಹಿ ಹಾಕುವುದಿಲ್ಲ.

ಆ ಬೆಳ್ಳಿಯ ನಾಣ್ಯವನ್ನು ಸಂಗ್ರಹಾಲಯದ ಕಪಾಟಿನಲ್ಲಿ ಮೂವತ್ತೊಂದು ವರ್ಷ ಕಾಪಾಡಿದವನು ನಾನು. ನಿಮಗೆ ಮಸೂರ ಹಿಡಿಯಲು ಕಲಿಸಿದ್ದೂ ಅದರ ಮೇಲೆಯೇ. ಗೂಳಿಯ ಲಾಂಛನದ ಅರಸನನ್ನು ಕೆಡವಿ ಪಟ್ಟವೇರಿದವನಿಗೆ ಹಳೆಯ ನಾಣ್ಯಗಳನ್ನು ಕರಗಿಸುವಷ್ಟು ವ್ಯವಧಾನವಿರಲಿಲ್ಲ. ಗೂಳಿಯ ಮೇಲೆಯೇ ತನ್ನ ಸಿಂಹವನ್ನು ಒತ್ತಿಸಿದ. ಓದಲು ಬಾರದ ಜನ ಅಂಗೈಯಲ್ಲಿನ ಪ್ರಾಣಿಯನ್ನು ನೋಡಿಯೇ ಒಡೆಯನಾರೆಂದು ತಿಳಿಯಬೇಕಿತ್ತು. ಎತ್ತಿದ ಪಂಜ, ಬಿರಿದ ಬಾಯಿ, ಸುತ್ತಲೂ ಬಿರುದಾವಳಿ, ಎಲ್ಲವೂ ಇದ್ದವು. ಆದರೆ ಅಚ್ಚಿನ ಪೆಟ್ಟು ಸಾಲದೆ, ಸಿಂಹದ ಹೊಟ್ಟೆಯ ನಡುವಿನಿಂದ ಗೂಳಿಯ ಕೊಂಬೊಂದು ಇಣುಕುತ್ತಿತ್ತು. ಆ ದರ್ಪ ಎಷ್ಟು ಅವಸರದ್ದು, ಎಷ್ಟು ಅಳುಕಿನದು ಎಂದು ಹೇಳಲು ಉಳಿದಿದ್ದ ಸಾಕ್ಷಿ ಅದೊಂದೇ.

ನೀವು ಅದನ್ನು ಕೆರೆದು ತೆಗೆದಿರಿ.

ಮೊನ್ನೆ ಪ್ರದರ್ಶನದ ಸಿದ್ಧತೆಯನ್ನು ನೋಡಲು ಸಂಗ್ರಹಾಲಯಕ್ಕೆ ಬಂದಾಗ ನಿಮ್ಮ ಮೇಜಿನ ಮೇಲೆ ನಾಣ್ಯ ತಿಕ್ಕಿದ ಪಾತ್ರೆಯಂತೆ ಹೊಳೆಯುತ್ತಿತ್ತು. ಸವೆದ ಕೇಸರಕ್ಕೆ ಉಳಿಯಿಂದ ಕೂದಲು ಕೂದಲಾಗಿ ಗೆರೆ ಕೊರೆದಿದ್ದಿರಿ. ಬೆಳ್ಳಿಯ ಹುಡಿ ಇನ್ನೂ ಬಟ್ಟೆಯ ಮೇಲಿತ್ತು.

"ಪೋಸ್ಟರಲ್ಲಿ ಸಿಂಹ ಸಿಂಹದ ಥರ ಕಾಣ್ಬೇಡ್ವಾ ಮಾವ? ಹೊಟ್ಟೇಲಿ ಕೊಂಬಿಟ್ಕೊಂಡು ನಿಂತಿದ್ರೆ ಜನ ನಗ್ತಾರೆ" ಎಂದಿರಿ.

ನಗಲಿ ಎಂದೇ ಅಲ್ಲವೆ ಅದನ್ನು ಅಷ್ಟು ವರ್ಷ ಕಾಪಾಡಿದ್ದು! ನೀವಿತ್ತ ನೀರನ್ನೂ ಮುಟ್ಟದೆ ಎದ್ದುಬಂದೆ. ಆ ಅರಸನ ಟಂಕಸಾಲೆಯವರ ಕೈಯಲ್ಲೂ ಆಗದ ಊಳಿಗವನ್ನು, ಅವನು ಸತ್ತು ಎಂಟು ನೂರು ವರ್ಷಗಳಾದ ಮೇಲೆ, ಯಾರೂ ಕೇಳದಿದ್ದರೂ ಮಾಡಿಕೊಟ್ಟಿದ್ದೀರಿ. ಇಂಥ ಜೀತ ಹೇಸಿಗೆಯಲ್ಲದೆ ಮತ್ತೇನು?

ನಿನ್ನೆ ಮಗಳು ಪತ್ರವನ್ನು ಮುಂದಿಟ್ಟು ಅತ್ತಳು. "ಒಂದು ಸಹಿಗೆ ಯಾಕಪ್ಪ ಇಷ್ಟು ಹಟ? ಅವರ ಕೆಲಸ ಹೋಗುತ್ತೆ. ಅಳಿಯನ ಹೊಟ್ಟೆ ಮೇಲೆ ಹೊಡೀತೀರಾ?" ಸುಳ್ಳೇಕೆ ಹೇಳಲಿ, ಲೇಖನಿಯ ಮುಚ್ಚಳವನ್ನು ತೆಗೆದೆ. 'ನಾಣ್ಯವು ಮೂಲಸ್ಥಿತಿಯಲ್ಲಿದೆ' ಎಂಬ ಸಾಲನ್ನು ಓದಿ ಮತ್ತೆ ಮುಚ್ಚಿದೆ.

ಸೋಮವಾರ ಹತ್ತು ಗಂಟೆಗೆ ಆಡಳಿತ ಮಂಡಳಿಯ ಮುಂದೆ ನಾಣ್ಯದ ಹಳೆಯ ಛಾಯಾಚಿತ್ರವನ್ನು ಇರಿಸುತ್ತೇನೆ. ಅದಕ್ಕೂ ಮೊದಲು ನೀವೇ ಹೋಗಿ ತಪ್ಪೊಪ್ಪಿಕೊಳ್ಳುವಿರಾದರೆ ಒಂಬತ್ತೂವರೆಗೆ ಬಾಗಿಲಲ್ಲಿರಿ. ಪಕ್ಕದಲ್ಲಿ ನಿಂತು, ಈ ಕೈಯನ್ನು ಪಳಗಿಸಿದವನು ನಾನೇ ಎಂದು ನನ್ನ ಪಾಲಿನ ದೋಷವನ್ನೂ ಹೇಳುತ್ತೇನೆ.

ನಿಮ್ಮ ಕೈಗೆ ನಾಚಿಕೆಯೂ ನಾಲಗೆಗೆ ಸತ್ಯವೂ ಒದಗಲೆಂದು ಹರಸುವ,
ಮಾವ